ತಿರುವಿನಲ್ಲಿ ಇಂಜಿನ್ ಬಿಕ್ಕಿದರೆ: ಪಂಪಿನ ಬಾಯಿಗೆ ಪೆಟ್ರೋಲ್ ತಪ್ಪದಂತೆ ನೋಡಿಕೊಳ್ಳುವುದು ಹೇಗೆ

ರೇಸ್ ಟ್ರ್ಯಾಕ್‌ನಲ್ಲಿ ಕಾರು, ಉದ್ದನೆಯ ಎಡ ತಿರುವು. ಟೈರು ಚೆನ್ನಾಗಿ ಕಚ್ಚಿಕೊಂಡಿವೆ. ತಿರುವು ಮುಗಿಯುತ್ತಾ ಬಂದಾಗ ಎಕ್ಸಲರೇಟರ್ ಒತ್ತುತ್ತೀರಿ. ಇಂಜಿನ್ ಒಂದು ಕ್ಷಣ ಸತ್ತಂತಾಗುತ್ತದೆ, ಎರಡು ಸಲ ಬಿಕ್ಕುತ್ತದೆ, ಆಮೇಲೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಎಳೆಯಲು ಶುರು ಮಾಡುತ್ತದೆ. ಮೀಟರ್ ನೋಡಿದರೆ ಟ್ಯಾಂಕ್‌ನಲ್ಲಿ ಇನ್ನೂ ಕಾಲು ಭಾಗ ಪೆಟ್ರೋಲ್ ಇದೆ.

ನನಗೆ ಇದು ಮೊದಲ ಸಲ ಆದಾಗ ಪ್ಲಗ್ ಬದಲಿಸಿದೆ. ಆಮೇಲೆ ಇಗ್ನಿಷನ್ ಕಾಯಿಲ್ ಬದಲಿಸಿದೆ. ಕಾಯಿಲ್ ಹಾಕಿದ ದಿನವೇ ಟ್ಯಾಂಕ್ ಪೂರ್ತಿ ತುಂಬಿಸಿದ್ದೆ. ತೊಂದರೆ ಮಾಯ. ಹೆಸರು ಕಾಯಿಲ್‌ಗೆ ಹೋಯಿತು. ಮತ್ತೆ ಟ್ಯಾಂಕ್ ಇಳಿದು, ಮತ್ತೆ ಅದೇ ತಿರುವಿನಲ್ಲಿ ಬಿಕ್ಕಿದಾಗಲೇ ಗೊತ್ತಾಗಿದ್ದು: ಪೆಟ್ರೋಲ್ ಇದೆ, ಆದರೆ ಅದನ್ನು ಟ್ಯಾಂಕ್‌ನಿಂದ ಎಳೆದು ಇಂಜಿನ್‌ಗೆ ಕಳಿಸುವ ಪಂಪಿನ ಬಾಯಿ ಇರುವ ಕಡೆ ಇಲ್ಲ.

ಇದಕ್ಕೆ ಫ್ಯೂಯಲ್ ಸ್ಟಾರ್ವೇಶನ್ ಅನ್ನುತ್ತಾರೆ. ಪರಿಹಾರ ಹುಡುಕುವ ಹೆಚ್ಚಿನವರು ಟ್ಯಾಂಕ್‌ನ ಒಳಗಿನ ಪೆಟ್ರೋಲ್ ಅಲುಗಾಡದಂತೆ ಮಾಡಲು ಹೊರಡುತ್ತಾರೆ. ಅದು ಆಗುವ ಕೆಲಸವಲ್ಲ, ಬೇಕಾಗಿಯೂ ಇಲ್ಲ. 40 ಲೀಟರ್ ಎಲ್ಲಿ ಬೇಕಾದರೂ ಓಡಾಡಲಿ. ಪಂಪಿನ ಬಾಯಿ ಹತ್ತಿರ ಒಂದೆರಡು ಲೋಟದಷ್ಟು ಸದಾ ನಿಂತಿದ್ದರೆ ಸಾಕು. ಕೆಳಗೆ ಹೇಳುವ ಎಲ್ಲಾ ಉಪಾಯಗಳನ್ನೂ ಈ ಒಂದು ಅಳತೆಗೋಲಿನಿಂದಲೇ ನೋಡಿ.

ಟ್ಯಾಂಕ್ ಒಳಗೆ ಆಗುವುದೇನು

ಒಂದು ಅಗಲವಾದ ತಟ್ಟೆಯಲ್ಲಿ ನೀರು ಹಾಕಿ, ಹಿಡಿದುಕೊಂಡು ಗಕ್ಕನೆ ಎಡಕ್ಕೆ ತಿರುಗಿ. ನೀರು ಬಲ ಅಂಚಿಗೆ ಹೋಗುತ್ತದೆ. ಟ್ಯಾಂಕ್‌ನಲ್ಲೂ ಅಷ್ಟೇ. ಎಡಕ್ಕೆ ತಿರುಗಿದರೆ ಪೆಟ್ರೋಲ್ ಬಲಕ್ಕೆ, ಬ್ರೇಕ್ ಹಾಕಿದರೆ ಮುಂದಕ್ಕೆ, ವೇಗ ಹೆಚ್ಚಿಸಿದರೆ ಹಿಂದಕ್ಕೆ. ತಿರುವಿನಿಂದ ಹೊರಗೆ ಬರುವಾಗ ಎರಡೂ ಸೇರಿ, ಪೆಟ್ರೋಲ್ ಹೊರಬದಿಯ ಹಿಂದಿನ ಮೂಲೆಗೆ ಹೋಗಿ ಕೂರುತ್ತದೆ. ಇಂಜಿನ್‌ಗೆ ಪೆಟ್ರೋಲ್ ಜಾಸ್ತಿ ಬೇಕಾಗುವುದೂ ಅದೇ ಹೊತ್ತಿಗೆ. ಅದಕ್ಕೇ ಬಿಕ್ಕುವುದು ಸಾಮಾನ್ಯವಾಗಿ ತಿರುವಿನ ನಡುವಿಗಿಂತ ಕೊನೆಯಲ್ಲಿ.

ಪೆಟ್ರೋಲ್‌ನ ಮೇಲ್ಮೈ ಎಷ್ಟು ವಾಲುತ್ತದೆ ಅನ್ನುವುದಕ್ಕೆ ಸರಳ ಲೆಕ್ಕವಿದೆ. ಕಾರು ಪಕ್ಕಕ್ಕೆ ಅನುಭವಿಸುವ ಬಲವನ್ನು ಜಿ ಲೆಕ್ಕದಲ್ಲಿ ಹೇಳುತ್ತಾರೆ, 1 ಜಿ ಅಂದರೆ ಭೂಮಿ ಕೆಳಗೆ ಎಳೆಯುವಷ್ಟೇ ಬಲ. 0.3 ಜಿ ಆದರೆ, ಅಂದರೆ ರಸ್ತೆಯಲ್ಲಿ ಸ್ವಲ್ಪ ಚುರುಕಾಗಿ ತಿರುಗಿದರೆ, ಮೇಲ್ಮೈ ಸುಮಾರು 17 ಡಿಗ್ರಿ ವಾಲುತ್ತದೆ. 0.7 ಜಿಗೆ 35 ಡಿಗ್ರಿ. ಪೂರ್ತಿ 1 ಜಿಗೆ 45 ಡಿಗ್ರಿ. ಒಳ್ಳೆಯ ಟೈರ್ ಹಾಕಿದ ಕಾರು ಟ್ರ್ಯಾಕ್‌ನಲ್ಲಿ 1 ಜಿ ಹತ್ತಿರ ಹೋಗುವುದು ದೊಡ್ಡ ವಿಷಯವೇನಲ್ಲ. ಕಾರು ತಯಾರಿಸಿದವರು ಟ್ಯಾಂಕ್ ಮಾಡಿದ್ದು ರಸ್ತೆಗೆ, ಈ 45 ಡಿಗ್ರಿಗಲ್ಲ.

ಈಗ ಒಂದು ಟ್ಯಾಂಕ್ ಊಹಿಸಿಕೊಳ್ಳಿ. 80 ಸೆಂ.ಮೀ. ಅಗಲ, 25 ಸೆಂ.ಮೀ. ಉದ್ದ, 25 ಸೆಂ.ಮೀ. ಎತ್ತರ. ಹಿಡಿಯುವುದು 50 ಲೀಟರ್. ಪಂಪಿನ ಬಾಯಿ ಸರಿಯಾಗಿ ನಡುವೆ, ಅಂದರೆ ಎರಡೂ ಬದಿಯಿಂದ 40 ಸೆಂ.ಮೀ. ದೂರದಲ್ಲಿದೆ. ಕಾಲು ಟ್ಯಾಂಕ್ ಪೆಟ್ರೋಲ್ ಇಟ್ಟುಕೊಂಡು 1 ಜಿ ತಿರುವಿಗೆ ಹೋದರೆ ಪೆಟ್ರೋಲ್ ಹೊರಬದಿಯ ಗೋಡೆಗೆ ಏರಿ ನಿಲ್ಲುತ್ತದೆ. ತಳದಲ್ಲಿ ಅದು ಹರಡಿಕೊಳ್ಳುವುದು ಆ ಗೋಡೆಯಿಂದ 32 ಸೆಂ.ಮೀ. ತನಕ ಮಾತ್ರ. ಪಂಪಿನ ಬಾಯಿ 8 ಸೆಂ.ಮೀ. ಆಚೆ, ಒಣ ನೆಲದ ಮೇಲೆ. ಅರ್ಧ ಟ್ಯಾಂಕ್ ಇದ್ದರೆ ಪೆಟ್ರೋಲ್ 52 ಸೆಂ.ಮೀ. ತನಕ ಬರುತ್ತದೆ, ಬಾಯಿ ಮುಳುಗಿರುತ್ತದೆ. ಗಡಿ ಬರುವುದು ಸುಮಾರು 17 ಲೀಟರ್‌ಗೆ.

ಅದೇ ಟ್ಯಾಂಕ್‌ನಲ್ಲಿ ಪಂಪ್ ಒಂದು ಬದಿಯ ಗೋಡೆಗೆ ಅಂಟಿಕೊಂಡಿದ್ದರೆ? ಒಂದು ಕಡೆಯ ತಿರುವಿನಲ್ಲಿ ಕೊನೆಯ ಹನಿಯೂ ಸಿಗುತ್ತದೆ. ಇನ್ನೊಂದು ಕಡೆಯ ತಿರುವಿನಲ್ಲಿ 42 ಲೀಟರ್‌ಗಿಂತ ಕೆಳಗೆ ಇಳಿದರೆ ಬಾಯಿ ಒಣಗುತ್ತದೆ. ಕೆಲವು ಕಾರುಗಳು ಬಲಕ್ಕೆ ತಿರುಗಿದಾಗ ಮಾತ್ರ, ಇನ್ನು ಕೆಲವು ಎಡಕ್ಕೆ ಮಾತ್ರ ಬಿಕ್ಕುವುದು ಇದಕ್ಕೇ. ನಿಜವಾದ ಟ್ಯಾಂಕ್ ಹೀಗೆ ಪೆಟ್ಟಿಗೆಯ ಆಕಾರದಲ್ಲಿ ಇರುವುದಿಲ್ಲ, ತಗ್ಗು ದಿಬ್ಬ ಇರುತ್ತವೆ, ಒಳಗೆ ಅಡ್ಡ ತಗಡೂ ಇರುತ್ತದೆ. ಹಾಗಾಗಿ ನಿಮ್ಮ ಕಾರಿನ ಅಂಕಿ ಬೇರೆ ಬರುತ್ತದೆ. ಅದನ್ನು ಲೆಕ್ಕ ಹಾಕುವುದಕ್ಕಿಂತ ಅಳೆಯುವುದೇ ವಾಸಿ.

ಒಂದೆರಡು ಬಿಕ್ಕಿನಿಂದ ಏನಾಗುತ್ತೆ ಬಿಡಿ ಅನ್ನಬೇಡಿ

ಹಳೆಯ ಕಾರ್ಬುರೇಟರ್ ಕಾರಿನಲ್ಲಿ ಫ್ಲೋಟ್ ಚೇಂಬರ್‌ನಲ್ಲಿ ಒಂದಿಷ್ಟು ಪೆಟ್ರೋಲ್ ಕೂಡಿಟ್ಟಿರುತ್ತದೆ. ಪಂಪು ಎರಡು ಕ್ಷಣ ಗಾಳಿ ಎಳೆದರೂ ಇಂಜಿನ್‌ಗೆ ಗೊತ್ತಾಗುವುದಿಲ್ಲ. ಇಂಜೆಕ್ಷನ್ ಕಾರಿನಲ್ಲಿ ಆ ಸವಲತ್ತು ಇಲ್ಲ. ಪಂಪು ಗಾಳಿ ನುಂಗಿದ ಕೂಡಲೇ ಒತ್ತಡ ಬೀಳುತ್ತದೆ. ಸಾಮಾನ್ಯ ಪೋರ್ಟ್ ಇಂಜೆಕ್ಷನ್‌ನಲ್ಲಿ (ಸಿಲಿಂಡರ್‌ಗೆ ಗಾಳಿ ಹೋಗುವ ದಾರಿಯಲ್ಲಿ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ) ಒತ್ತಡ 3ರಿಂದ 4 ಬಾರ್ ಇರುತ್ತದೆ. ಅದು 3ರಿಂದ 2 ಬಾರ್‌ಗೆ ಇಳಿದರೆ ಇಂಜೆಕ್ಟರ್ ಬಿಡುವ ಪೆಟ್ರೋಲ್ ಸುಮಾರು ಶೇ. 18ರಷ್ಟು ಕಡಿಮೆ. ಪೂರ್ತಿ ಎಕ್ಸಲರೇಟರ್‌ನಲ್ಲಿ ಒಂದು ಪಾಲು ಪೆಟ್ರೋಲ್‌ಗೆ 12.5 ಪಾಲು ಗಾಳಿ ಇರಬೇಕಾದ ಕಡೆ 15 ಪಾಲಿಗೂ ಮೇಲೆ ಹೋಗುತ್ತದೆ. ಇಂಜಿನ್ ಬಿಕ್ಕಿತು ಅಂತ ನಿಮಗೆ ಗೊತ್ತಾಗುವ ಮುಂಚೆಯೇ ಅದು ಬಡಕಲು ಮಿಶ್ರಣದಲ್ಲಿ, ಅಂದರೆ ಪೆಟ್ರೋಲ್ ಕಡಿಮೆ ಇರುವ ಮಿಶ್ರಣದಲ್ಲಿ, ಪೂರ್ತಿ ಹೊರೆ ಹೊತ್ತು ಓಡಿರುತ್ತದೆ. ಟರ್ಬೊ ಇಂಜಿನ್ ಆದರೆ ನಾಕಿಂಗ್ (ಮಿಶ್ರಣ ಹೊತ್ತಲ್ಲದ ಹೊತ್ತಿನಲ್ಲಿ ತಾನಾಗಿ ಸಿಡಿಯುವುದು) ಶುರುವಾಗಿ ಪಿಸ್ಟನ್ ಹೋಗಲು ಇಷ್ಟು ಸಾಕು. ಮಿಸ್ ಹೊಡೆದಾಗ ಸುಡದೆ ಉಳಿದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತದೆ, ಅದು ವಿಪರೀತ ಕಾದು ಹಾಳಾಗುತ್ತದೆ. ಪಂಪಿಗಂತೂ ಪೆಟ್ರೋಲೇ ಎಣ್ಣೆ, ಪೆಟ್ರೋಲೇ ತಂಪು. ಒಣಗಿ ತಿರುಗಿದಷ್ಟೂ ಅದರ ಆಯುಷ್ಯ ಕಡಿಮೆ.

ಮೊದಲ ಹೆಜ್ಜೆ: ಕಾರಣ ಇದೇ ಹೌದಾ?

ಪಾರ್ಟು ತರಿಸುವ ಮುಂಚೆ ಈ ಕೆಲಸ ಮಾಡಿ. ತಿರುವಿನಲ್ಲಿ ಇಂಜಿನ್ ಶಕ್ತಿ ಬೀಳಲು ಬೇರೆ ಕಾರಣಗಳೂ ಇವೆ.

ಹೆಚ್ಚಾಗಿ ಮೋಸ ಮಾಡುವುದು ಇಎಸ್‌ಪಿ ಮತ್ತು ಟ್ರ್ಯಾಕ್ಷನ್ ಕಂಟ್ರೋಲ್. ಚಕ್ರ ಜಾರಿದಾಗ ಅವು ತಾವೇ ಇಂಜಿನ್‌ನ ಎಳೆತ ಕಡಿಮೆ ಮಾಡುತ್ತವೆ. ಅನುಭವ ಹೆಚ್ಚು ಕಡಿಮೆ ಒಂದೇ. ಡ್ಯಾಶ್‌ಬೋರ್ಡ್‌ನಲ್ಲಿ ಅದರ ದೀಪ ಮಿನುಗಿತಾ ನೋಡಿ. ಫಿಲ್ಟರ್ ಕಟ್ಟಿಕೊಂಡಿದ್ದರೆ ಅಥವಾ ಪಂಪು ಸೋತಿದ್ದರೆ ನೇರ ದಾರಿಯಲ್ಲಿ ಪೂರ್ತಿ ಒತ್ತಿದಾಗಲೂ ಬಿಕ್ಕುತ್ತದೆ, ಟ್ಯಾಂಕ್ ತುಂಬಿದ್ದರೂ ಬಿಕ್ಕುತ್ತದೆ. ಸಡಿಲವಾದ ವೈರ್ ಆದರೆ ಗುಂಡಿ ಹಾರಿಸಿದಾಗಲೂ ತೊಂದರೆ ಕೊಡುತ್ತದೆ.

ಸ್ಟಾರ್ವೇಶನ್‌ನ ಗುರುತು ಬೇರೆ. ಒಂದೇ ದಿಕ್ಕಿನ ಉದ್ದ ತಿರುವು, ಟ್ಯಾಂಕ್ ಇಳಿದಷ್ಟೂ ಜಾಸ್ತಿ, ಟ್ಯಾಂಕ್ ತುಂಬಿಸಿದರೆ ಇಲ್ಲವೇ ಇಲ್ಲ. "ತುಂಬಿದ ಕೊಡ ತುಳುಕುವುದಿಲ್ಲ" ಅನ್ನುವ ಗಾದೆಯನ್ನು ಮನುಷ್ಯರ ಬಗ್ಗೆ ಹೇಳಿದ್ದು ಅಂದುಕೊಂಡಿದ್ದೆ. ಟ್ಯಾಂಕ್‌ಗೂ ಅಕ್ಷರಶಃ ಸರಿ ಹೊಂದುತ್ತದೆ.

ಖಾತ್ರಿ ಬೇಕೆಂದರೆ ಪೆಟ್ರೋಲ್ ಒತ್ತಡದ ಸೆನ್ಸರ್ ಹಾಕಿ ದಾಖಲಿಸಿಕೊಳ್ಳಿ. ಜೊತೆಗೆ ಪಕ್ಕದ ಜಿ, ಎಕ್ಸಲರೇಟರ್, ಸಾಧ್ಯವಾದರೆ ಗಾಳಿ-ಪೆಟ್ರೋಲ್ ಅನುಪಾತವೂ ಇರಲಿ. ಒತ್ತಡದ ಗೆರೆ ತಿರುವಿನಲ್ಲಿ ಕುಸಿದು ನೇರ ದಾರಿಗೆ ಬಂದಾಗ ಎದ್ದರೆ ಬೇರೆ ಸಾಕ್ಷಿ ಬೇಡ. ಸೆಕೆಂಡಿಗೆ ಕನಿಷ್ಠ 10 ಸಲ ದಾಖಲಾಗಬೇಕು. ಕುಸಿತ ಅರ್ಧ ಸೆಕೆಂಡಿನಲ್ಲೇ ಬಂದು ಹೋಗಬಹುದು. ಮುಳ್ಳಿನ ಮೀಟರ್ ಬಳಸುವುದಾದರೆ ಅದರೊಳಗೆ ಪೆಟ್ರೋಲ್ ಪೈಪ್ ಬರುತ್ತದೆ ಅನ್ನುವುದು ನೆನಪಿರಲಿ. ಅದನ್ನು ಕಾರಿನ ಒಳಗೆ ತರಲೇಬೇಡಿ. ಗಾಜಿನ ಆಚೆ ಭದ್ರವಾಗಿ ಕಟ್ಟಿ, ಒಳಗಿನಿಂದ ಕ್ಯಾಮೆರಾ ಇಟ್ಟು ನೋಡಿ.

ಈ ಪರೀಕ್ಷೆ ಟ್ರ್ಯಾಕ್‌ನಲ್ಲೋ ಮುಚ್ಚಿದ ಜಾಗದಲ್ಲೋ ಆಗಬೇಕು. ಎದುರಿಗೆ ವಾಹನ ಬರುವ ರಸ್ತೆಯಲ್ಲಿ ಅಲ್ಲ.

ಎರಡನೇ ಹೆಜ್ಜೆ: ನಿಮ್ಮ ಗಡಿ ಎಷ್ಟು ಲೀಟರ್?

ಟ್ಯಾಂಕ್ ಪೂರ್ತಿ ತುಂಬಿಸಿ ಶುರು ಮಾಡಿ. ಓಡಿಸುತ್ತಾ ಹೋಗಿ, ಎಷ್ಟು ಲೀಟರ್ ಸುಟ್ಟಿತು ಅನ್ನುವುದನ್ನು ಬರೆದಿಟ್ಟುಕೊಳ್ಳಿ. ಮೊದಲ ಸಲ ಒತ್ತಡ ಅಲುಗಾಡಿದ ಕೂಡಲೇ ನಿಲ್ಲಿಸಿ. ಬಿಕ್ಕುವ ತನಕ ಕಾಯಬೇಡಿ. ಮತ್ತೆ ತುಂಬಿಸುವಾಗ ಎಷ್ಟು ಹಿಡಿಯಿತು ನೋಡಿದರೆ ಒಳಗೆ ಎಷ್ಟು ಉಳಿದಿತ್ತು ಎಂದು ಗೊತ್ತಾಗುತ್ತದೆ. ಡ್ಯಾಶ್‌ಬೋರ್ಡಿನ ಮುಳ್ಳನ್ನು ನಂಬಬೇಡಿ. ಪೆಟ್ರೋಲ್ ತುಳುಕಿದರೂ ಮುಳ್ಳು ಕುಣಿಯದಿರಲಿ ಅಂತ ಅದನ್ನು ಬೇಕಂತಲೇ ನಿಧಾನ ಮಾಡಿರುತ್ತಾರೆ.

ಉದಾಹರಣೆಗೆ, 20 ಲೀಟರ್‌ನಲ್ಲಿ ಒತ್ತಡ ಅಲುಗಾಡಿತು ಅಂದುಕೊಳ್ಳಿ. ಅದಕ್ಕೆ 5 ಲೀಟರ್ ಸೇರಿಸಿ. 25 ನಿಮ್ಮ ಗಡಿ. ಅದರ ಕೆಳಗೆ ಜೋರಾಗಿ ಓಡಿಸುವುದಿಲ್ಲ ಅಂತ ಇಟ್ಟುಕೊಳ್ಳಿ. ಟೈರ್ ಬದಲಿಸಿದರೆ ಈ ಅಂಕಿಯೂ ಬದಲಾಗುತ್ತದೆ. ಹಿಡಿತ ಹೆಚ್ಚಾದಷ್ಟೂ ಜಿ ಹೆಚ್ಚು, ಗಡಿಯೂ ಮೇಲೆ.

ನಿಜ ಹೇಳಬೇಕೆಂದರೆ, ವರ್ಷಕ್ಕೆ ಮೂರೋ ನಾಲ್ಕೋ ಸಲ ಟ್ರ್ಯಾಕ್‌ಗೆ ಹೋಗುವವರಿಗೆ ಲೇಖನ ಇಲ್ಲೇ ಮುಗಿಯುತ್ತದೆ. ಜಾಸ್ತಿ ಪೆಟ್ರೋಲ್ ಹಾಕಿ ಓಡಿಸಿ. 20 ಲೀಟರ್‌ನ ತೂಕ ಸುಮಾರು 15 ಕೆ.ಜಿ. ಆ 15 ಕೆ.ಜಿ.ಯಿಂದ ನಿಮ್ಮ ಲ್ಯಾಪ್ ಟೈಮ್ ಹಾಳಾಗುತ್ತಿದೆ ಅನ್ನುವ ಮಟ್ಟಕ್ಕೆ ಬಂದಿದ್ದರೆ ಮುಂದೆ ಓದಿ. ಅರ್ಧ ಟ್ಯಾಂಕ್‌ಗೂ ಮೇಲೆಯೇ ಬಿಕ್ಕುತ್ತಿದ್ದರೂ ಓದಿ.

ಮೂರನೇ ಹೆಜ್ಜೆ: ಇರುವುದು ಸರಿಯಾಗಿ ಕೆಲಸ ಮಾಡುತ್ತಿದೆಯಾ?

ಈಗಿನ ಹೆಚ್ಚಿನ ಕಾರುಗಳಲ್ಲಿ ಪಂಪು ಒಂದು ಚಿಕ್ಕ ಪ್ಲಾಸ್ಟಿಕ್ ಬಕೆಟ್‌ನ ಒಳಗೆ ಕೂತಿರುತ್ತದೆ. ಟ್ಯಾಂಕ್ ಬರಿದಾಗುತ್ತಾ ಬಂದರೂ ಆ ಬಕೆಟ್ ತುಂಬಿಯೇ ಇರಬೇಕು. ಅದನ್ನು ತುಂಬಿಸುವುದು ಜೆಟ್ ಪಂಪ್ ಅನ್ನುವ ಸಣ್ಣ ನಳಿಗೆ. ಅದಕ್ಕೆ ಮೋಟರ್ ಇಲ್ಲ. ಮುಖ್ಯ ಪಂಪಿನ ಪೆಟ್ರೋಲ್‌ನಲ್ಲಿ ಒಂದು ಪಾಲು ಸಣ್ಣ ತೂತಿನ ಮೂಲಕ ಚಿಮ್ಮಿ, ಸುತ್ತಲಿನ ಪೆಟ್ರೋಲನ್ನು ಜೊತೆಗೆ ಎಳೆದು ತರುತ್ತದೆ. ಬಕೆಟ್‌ನ ತಳದಲ್ಲಿ ಒಂದು ರಬ್ಬರ್ ವಾಲ್ವ್ ಇರುತ್ತದೆ. ಪೆಟ್ರೋಲ್ ಒಳಗೆ ಬರಬಹುದು, ಹೊರಗೆ ಹೋಗುವಂತಿಲ್ಲ.

ಅಂದರೆ ಕಾರು ಮಾಡಿದವರೇ ಒಂದು ಪುಟ್ಟ ವ್ಯವಸ್ಥೆ ಕೊಟ್ಟಿರುತ್ತಾರೆ. ಹಳೆಯ ಕಾರಿನಲ್ಲಿ ಜೆಟ್‌ನ ತೂತಿಗೆ ಕಸ ಸಿಕ್ಕಿರುತ್ತದೆ, ರಬ್ಬರ್ ವಾಲ್ವ್ ಗಡುಸಾಗಿ ಸೋರುತ್ತಿರುತ್ತದೆ, ತಳದ ಜಾಲರಿ ಕಟ್ಟಿಕೊಂಡಿರುತ್ತದೆ. ಮೊದಲು ಇಲ್ಲದ ತೊಂದರೆ ಈಚೆಗೆ ಶುರುವಾಗಿದ್ದರೆ ಇಲ್ಲೇ ಹುಡುಕಿ. ಪಂಪು, ಬಕೆಟ್ ಎಲ್ಲ ಸೇರಿದ ಮಾಡ್ಯೂಲ್ ಹೊರತೆಗೆದು, ಬಕೆಟ್‌ಗೆ ಸ್ವಲ್ಪ ಪೆಟ್ರೋಲ್ ಹಾಕಿ ಎತ್ತಿ ಹಿಡಿಯಿರಿ. ತಳದಿಂದ ಸುರಿಯುತ್ತಿದ್ದರೆ ವಾಲ್ವ್ ಹೋಗಿದೆ.

ಟ್ಯಾಂಕ್ ತೆರೆಯುವುದು ಹುಡುಗಾಟದ ಕೆಲಸವಲ್ಲ. ಪಂಪಿನ ಫ್ಯೂಸ್ ತೆಗೆದು ಇಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿ, ಒತ್ತಡ ಇಳಿಯುತ್ತದೆ. ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಗಾಳಿ ಆಡುವ ಜಾಗದಲ್ಲಿ ಕೆಲಸ ಮಾಡಿ, ಇನ್‌ಸ್ಪೆಕ್ಷನ್ ಗುಂಡಿಯ ಮೇಲೆ ಬೇಡ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ತಗ್ಗಿಗೆ ಇಳಿದು ಅಲ್ಲೇ ನಿಲ್ಲುತ್ತದೆ. ಮೈನಸ್ 40 ಡಿಗ್ರಿ ಚಳಿಯಲ್ಲೂ ಪೆಟ್ರೋಲ್ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಪಕ್ಕದಲ್ಲಿ ಪೌಡರ್ ಅಗ್ನಿಶಾಮಕ ಇರಲಿ. ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕ್‌ಗಿಂತ ಅಪಾಯ, ಯಾಕೆಂದರೆ ಅದರ ತುಂಬಾ ಗಾಳಿ ಬೆರೆತ ಆವಿ. ವೆಲ್ಡಿಂಗ್ ಮಾಡಿಸುವುದಿದ್ದರೆ ಟ್ಯಾಂಕ್ ತೊಳೆದು ಆವಿ ಪೂರ್ತಿ ತೆಗೆಯಲು ಬಲ್ಲವರ ಕೈಗೇ ಕೊಡಿ. ಇದರಲ್ಲಿ ಉಳಿತಾಯ ಬೇಡ.

ಇನ್ನೊಂದು ತಪ್ಪು ತುಂಬಾ ಜನ ಮಾಡುತ್ತಾರೆ. ಟ್ಯಾಂಕ್‌ನ ಒಳಗಿನ ಹೋಸ್ ಹೋಗಿದ್ದರೆ ಸಾಮಾನ್ಯ ಪೆಟ್ರೋಲ್ ಹೋಸ್ ಹಾಕಿ ಮುಚ್ಚಿಬಿಡುತ್ತಾರೆ. ಆ ಹೋಸ್‌ನ ಒಳಪದರ ಮಾತ್ರ ಪೆಟ್ರೋಲ್ ತಡೆಯುತ್ತದೆ, ಹೊರಪದರ ಮುಳುಗಿದರೆ ಮೆತ್ತಗಾಗಿ ಉದುರುತ್ತದೆ. ಮುಳುಗಿರಲು ಮಾಡಿದ ಹೋಸ್ ಮೇಲೆ ಎಸ್‌ಎಇ ಜೆ30 ಆರ್10 ಅಂತ ಇರುತ್ತದೆ. ಅದನ್ನೇ ಕೇಳಿ ತನ್ನಿ.

ನಾಲ್ಕನೇ ಹೆಜ್ಜೆ: ಟ್ಯಾಂಕ್ ಒಳಗಿನ ತಡೆಗಳು

ಇಲ್ಲಿ ಮೂರು ನಾಲ್ಕು ದಾರಿಗಳಿವೆ. ಎಲ್ಲವೂ ಒಂದೇ ಕೆಲಸ ಮಾಡುತ್ತವೆ ಅಂದುಕೊಳ್ಳಬೇಡಿ.

ಬ್ಯಾಫಲ್ ಅಂದರೆ ಟ್ಯಾಂಕ್ ಒಳಗಿನ ಅಡ್ಡ ತಗಡು. ಅದರಲ್ಲಿ ತೂತು ಇರಲೇಬೇಕು, ಇಲ್ಲದಿದ್ದರೆ ಪೆಟ್ರೋಲ್ ಪಂಪಿನ ಹತ್ತಿರ ಬರುವುದೇ ಇಲ್ಲ. ತೂತು ಇದ್ದರೆ ಪೆಟ್ರೋಲ್ ನಿಧಾನವಾಗಿ ದಾಟುತ್ತದೆ. ಫೋಮ್ ಕೂಡ ಹೀಗೇ. ಟ್ಯಾಂಕ್ ತುಂಬಾ ತೆರೆದ ರಂಧ್ರಗಳ ಫೋಮ್ ತುಂಬಿಸುತ್ತಾರೆ, ಅದು ತಿನ್ನುವ ಜಾಗ ಶೇ. 3ರ ಆಸುಪಾಸು ಮಾತ್ರ. ಎರಡೂ ತುಳುಕುವುದನ್ನು ತಡೆಯುತ್ತವೆ. ಎಡ-ಬಲ-ಎಡ ಅಂತ ಬೇಗ ಬೇಗ ಬರುವ ತಿರುವುಗಳಿಗೆ ಒಳ್ಳೆಯದು. ಉದ್ದನೆಯ ಒಂದೇ ತಿರುವಿನಲ್ಲಿ ಪೆಟ್ರೋಲ್ ನಿಧಾನವಾಗಿಯಾದರೂ ಆಚೆ ಹೋಗಿಯೇ ಹೋಗುತ್ತದೆ. 45 ಡಿಗ್ರಿಯನ್ನು ಫೋಮ್ ಬದಲಿಸುವುದಿಲ್ಲ, ಸ್ವಲ್ಪ ಮುಂದೂಡುತ್ತದೆ ಅಷ್ಟೇ. ಫೋಮ್ ಹಾಕುವುದಾದರೆ ಪೆಟ್ರೋಲ್‌ಗೆ ಅಂತಲೇ ಮಾಡಿದ್ದನ್ನು ಹಾಕಿ. ನಿಮ್ಮ ಪೆಟ್ರೋಲ್‌ನಲ್ಲಿ ಎಥನಾಲ್ ಬೆರೆತಿದ್ದರೆ ಅದನ್ನು ತಾಳುತ್ತದೆಯೇ ಕೇಳಿ. ಹಾಸಿಗೆಯ ಸ್ಪಂಜು ಹಾಕಿದರೆ ಕರಗಿ ಜಾಲರಿಗೆ ಅಂಟುತ್ತದೆ. ಒಳ್ಳೆಯ ಫೋಮ್ ಕೂಡ ಕಾಲ ಕಳೆದಂತೆ ಪುಡಿಯಾಗುತ್ತದೆ. ಫಿಲ್ಟರ್ ಬಿಚ್ಚಿದಾಗ ಫೋಮಿನ ಚೂರು ಕಂಡರೆ ಬದಲಿಸುವ ಹೊತ್ತು ಬಂದಿದೆ ಅಂತ.

ಟ್ರ್ಯಾಪ್ ಡೋರ್ ಪೆಟ್ಟಿಗೆ ನನಗೆ ಇಷ್ಟ. ಪಂಪಿನ ಬಾಯಿಯ ಸುತ್ತ ಒಂದು ಪೆಟ್ಟಿಗೆ, ಅದರ ಗೋಡೆಗಳಿಗೆ ಒಳಕ್ಕೆ ಮಾತ್ರ ತೆರೆಯುವ ಪುಟ್ಟ ಬಾಗಿಲುಗಳು. ಪೆಟ್ರೋಲ್ ಈ ಕಡೆ ಬಂದಾಗ ಬಾಗಿಲು ತೆಗೆದುಕೊಂಡು ತುಂಬುತ್ತದೆ, ಆ ಕಡೆ ಹೋಗುವಾಗ ಮುಚ್ಚಿಕೊಳ್ಳುತ್ತದೆ. ಇಡೀ ಟ್ಯಾಂಕನ್ನು ಹಿಡಿಯಲು ಹೋಗದೆ ಬಾಯಿಯ ಹತ್ತಿರದ್ದನ್ನು ಮಾತ್ರ ಹಿಡಿಯುತ್ತದೆ. ಒಂದೇ ಕಷ್ಟ: ಪಂಪಿನ ಕಿಂಡಿ ಚಿಕ್ಕದಿದ್ದರೆ ಇದನ್ನು ಒಳಗೆ ಇಳಿಸಲು ಟ್ಯಾಂಕ್ ಕತ್ತರಿಸಬೇಕಾಗುತ್ತದೆ. ಟ್ಯಾಂಕ್ ಪ್ಲಾಸ್ಟಿಕ್ ಆದರೆ ಅದೂ ಆಗುವುದಿಲ್ಲ.

ಇನ್ನೊಂದು ಜಾಣ ಉಪಾಯ ಹೀರುವ ಮ್ಯಾಟ್. ಹಾಲಿ ಕಂಪನಿ ಹೈಡ್ರಾಮ್ಯಾಟ್ ಅನ್ನುವ ಹೆಸರಿನಲ್ಲಿ ಮಾರುತ್ತದೆ. ಟ್ಯಾಂಕ್‌ನ ತಳದಲ್ಲಿ ಹಾಸುವ, ತುಂಬಾ ಸಣ್ಣ ರಂಧ್ರಗಳ ಬಟ್ಟೆಯಂಥದ್ದು. ಒದ್ದೆಯಾಗಿರುವ ರಂಧ್ರದಲ್ಲಿ ಪೆಟ್ರೋಲ್‌ನ ಮೇಲ್ಮೈ ಎಳೆತದಿಂದಾಗಿ ಗಾಳಿ ಸುಲಭವಾಗಿ ನುಗ್ಗುವುದಿಲ್ಲ. ಹಾಗಾಗಿ ಮ್ಯಾಟ್‌ನ ಒಂದು ಮೂಲೆ ಪೆಟ್ರೋಲ್‌ನಲ್ಲಿದ್ದರೂ ಅಲ್ಲಿಂದ ಎಳೆಯುತ್ತದೆ. ಇಲ್ಲಿ ಪೆಟ್ರೋಲ್ ಬಾಯಿಗೆ ಬರುವುದಿಲ್ಲ, ಬಾಯಿಯೇ ಪೆಟ್ರೋಲ್ ಇದ್ದಲ್ಲಿಗೆ ಹೋಗಿರುತ್ತದೆ. ಕೊಳಕು ಪೆಟ್ರೋಲ್ ಹಾಕಿದರೆ ರಂಧ್ರ ಕಟ್ಟಿಕೊಳ್ಳುತ್ತವೆ, ಅದೇ ಇದರ ಶತ್ರು.

ಐದನೇ ಹೆಜ್ಜೆ: ಸರ್ಜ್ ಟ್ಯಾಂಕ್

ಮೇಲಿನ ಯಾವುದೂ ಸಾಲದಿದ್ದರೆ ಇದು ಸಾಲುತ್ತದೆ. ಕೆಲವರು ಸ್ವರ್ಲ್ ಪಾಟ್ ಅನ್ನುತ್ತಾರೆ. ಒಂದೂವರೆ ಎರಡು ಲೀಟರ್ ಹಿಡಿಯುವ, ಎತ್ತರವಾದ, ಕಿರಿದಾದ ಡಬ್ಬಿ. ಎತ್ತರ ಕಿರಿದು ಯಾಕೆಂದರೆ ಅದರೊಳಗೂ ಪೆಟ್ರೋಲ್ ವಾಲುತ್ತದೆ. ಅಗಲ ಕಡಿಮೆಯಾದಷ್ಟೂ ತಳ ಒಣಗುವ ಸಾಧ್ಯತೆ ಕಡಿಮೆ.

ಜೋಡಣೆ ಹೀಗೆ. ಮುಖ್ಯ ಟ್ಯಾಂಕ್‌ನಿಂದ ಒಂದು ಲಿಫ್ಟ್ ಪಂಪ್ ಈ ಡಬ್ಬಿಗೆ ಪೆಟ್ರೋಲ್ ತುಂಬಿಸುತ್ತಲೇ ಇರುತ್ತದೆ. ಡಬ್ಬಿಯ ತಳದಿಂದ ಒತ್ತಡದ ಪಂಪು ಎಳೆದು ಇಂಜಿನ್‌ಗೆ ಕೊಡುತ್ತದೆ. ಇಂಜಿನ್ ಬಳಸದೆ ಉಳಿದ ಪೆಟ್ರೋಲ್, ಅಂದರೆ ರಿಟರ್ನ್, ಡಬ್ಬಿಗೇ ವಾಪಸ್. ಡಬ್ಬಿಯ ನೆತ್ತಿಯಿಂದ ಒಂದು ಪೈಪ್ ಮುಖ್ಯ ಟ್ಯಾಂಕ್‌ಗೆ ಹೋಗುತ್ತದೆ. ಹೆಚ್ಚಾದ ಪೆಟ್ರೋಲೂ, ಲಿಫ್ಟ್ ಪಂಪ್ ನುಂಗಿ ತಂದ ಗಾಳಿಯೂ ಅದರಲ್ಲೇ ಹೊರಬೀಳುತ್ತವೆ. ಲಿಫ್ಟ್ ಪಂಪ್ ತಿರುವಿನಲ್ಲಿ ಗಾಳಿ ಎಳೆದರೂ ಇಂಜಿನ್‌ಗೆ ಅದರ ಸುದ್ದಿಯೇ ಮುಟ್ಟುವುದಿಲ್ಲ.

ಅಳತೆ ಎಷ್ಟು ಬೇಕು? 200 ಅಶ್ವಶಕ್ತಿಯ ಟರ್ಬೊ ಇಲ್ಲದ ಪೆಟ್ರೋಲ್ ಇಂಜಿನ್ ಪೂರ್ತಿ ಒತ್ತಿದಾಗ ಗಂಟೆಗೆ ಸುಮಾರು 60 ಲೀಟರ್, ಅಂದರೆ ನಿಮಿಷಕ್ಕೆ 1 ಲೀಟರ್ ಕುಡಿಯುತ್ತದೆ. ಒಂದೂವರೆ ಲೀಟರ್ ಡಬ್ಬಿ ಅದಕ್ಕೆ ಒಂದೂವರೆ ನಿಮಿಷ ಸಾಕು. ಅಷ್ಟು ಹೊತ್ತು ಮುಗಿಯದ ತಿರುವು ನಾನು ಕಂಡಿಲ್ಲ. 400 ಅಶ್ವಶಕ್ತಿಯ ಟರ್ಬೊ ಆದರೆ ನಿಮಿಷಕ್ಕೆ ಎರಡೂವರೆ ಲೀಟರ್ ಹತ್ತಿರ. ಆಗಲೂ ಅರ್ಧ ನಿಮಿಷದ ಮೇಲೆ ಬರುತ್ತದೆ. ಇ85 (ಹೆಚ್ಚಿನ ಪಾಲು ಎಥನಾಲ್ ಇರುವ ಇಂಧನ) ಬಳಸುವವರು ಶೇ. 30ಕ್ಕೂ ಹೆಚ್ಚು ಸೇರಿಸಿ ಲೆಕ್ಕ ಹಾಕಿ. ದೊಡ್ಡ ಡಬ್ಬಿ ಹಾಕಿದರೆ ಒಳ್ಳೆಯದಲ್ವಾ ಅಂದರೆ, ಸುಮ್ನೆ ತೂಕ ಮತ್ತು ಜಾಗ ದಂಡ.

ಈ ಲೆಕ್ಕ ಒಂದು ಷರತ್ತಿನ ಮೇಲೆ ನಿಂತಿದೆ, ಅಲ್ಲೇ ತುಂಬಾ ಜನ ಎಡವುತ್ತಾರೆ. ರಿಟರ್ನ್ ಪೈಪ್ ಡಬ್ಬಿಗೇ ಬರಬೇಕು. ಹಳೆಯ ಪೈಪ್ ಹಾಗೇ ಇದೆಯಲ್ಲ ಅಂತ ರಿಟರ್ನನ್ನು ಮುಖ್ಯ ಟ್ಯಾಂಕ್‌ಗೇ ಬಿಟ್ಟರೆ ಏನಾಗುತ್ತದೆ ನೋಡಿ. ಗಂಟೆಗೆ 255 ಲೀಟರ್ ಹೊಡೆಯುವ ಪಂಪು ನಿಮಿಷಕ್ಕೆ 4 ಲೀಟರ್‌ಗಿಂತ ಜಾಸ್ತಿ ಎಳೆಯುತ್ತದೆ. ಇಂಜಿನ್ ಅದರಲ್ಲಿ 1 ಲೀಟರ್ ಬಳಸಿದರೂ ಉಳಿದಿದ್ದೆಲ್ಲ ಡಬ್ಬಿಯಿಂದ ಹೋದ ಹಾಗೇ. ಒಂದೂವರೆ ಲೀಟರ್ 21 ಸೆಕೆಂಡಿನಲ್ಲಿ ಖಾಲಿ. ಒಂದು ಪೈಪ್‌ನ ಆಲಸ್ಯಕ್ಕೆ ಒಂದೂವರೆ ನಿಮಿಷ 21 ಸೆಕೆಂಡ್ ಆಗುತ್ತದೆ.

ಬಾಕಿ ವಿವರಗಳು ಇಷ್ಟು:

ಲಿಫ್ಟ್ ಪಂಪ್ ಇಂಜಿನ್‌ನ ಗರಿಷ್ಠ ಬಳಕೆಗಿಂತ ಹೆಚ್ಚು ಕೊಡಬೇಕು, ಇಲ್ಲದಿದ್ದರೆ ಉದ್ದ ನೇರ ದಾರಿಯಲ್ಲೇ ಡಬ್ಬಿ ಖಾಲಿಯಾಗುತ್ತದೆ. ಕಾರಿನ ಮೂಲ ಪಂಪನ್ನೇ ಇದಕ್ಕೆ ಬಳಸಬಹುದು. ಒತ್ತಡ ಕಟ್ಟುವ ಕೆಲಸ ಇಲ್ಲದ ಕಾರಣ ಅದು ಮೊದಲಿಗಿಂತ ಜಾಸ್ತಿ ಹರಿಸುತ್ತದೆ.

ನೆತ್ತಿಯ ಪೈಪ್ ಲಿಫ್ಟ್ ಪಂಪಿನ ಪೈಪ್‌ಗಿಂತ ಕಿರಿದಾಗಿರಬಾರದು. ಐಡ್ಲಿಂಗ್‌ನಲ್ಲಿ ಲಿಫ್ಟ್ ಪಂಪ್ ತಂದದ್ದು ಹೆಚ್ಚುಕಮ್ಮಿ ಎಲ್ಲವೂ ಅದರಲ್ಲೇ ವಾಪಸ್ ಹೋಗಬೇಕು. ಇಂಜಿನ್ ಸುತ್ತಿ ಬಂದು ಬಿಸಿಯಾದ ಪೆಟ್ರೋಲ್ ಡಬ್ಬಿಯಲ್ಲೇ ಸುತ್ತಿ ಸುತ್ತಿ ಇನ್ನೂ ಕಾಯದಂತೆ ನೋಡಿಕೊಳ್ಳುವುದೂ ಇದೇ ಹರಿವು.

ಒತ್ತಡದ ಪಂಪು ಹೊರಗಿದ್ದರೆ ಡಬ್ಬಿಗಿಂತ ಕೆಳಗೆ ಕೂರಿಸಿ. ಅಂಥ ಪಂಪುಗಳು ತಳ್ಳುವುದರಲ್ಲಿ ಗಟ್ಟಿ, ಎಳೆಯುವುದರಲ್ಲಿ ಸೋಮಾರಿ. ಪಂಪಿಗೆ ಮುಂಚೆ 100 ಮೈಕ್ರಾನ್‌ನ ದಪ್ಪ ಜಾಲರಿ, ಪಂಪಿನ ನಂತರ 10 ಮೈಕ್ರಾನ್‌ನ ಸಣ್ಣ ಫಿಲ್ಟರ್. ಇದನ್ನು ಅದಲು ಬದಲು ಮಾಡಿದರೆ ಪಂಪು ಎಳೆಯಲಾಗದೆ ಪೆಟ್ರೋಲನ್ನು ಗುಳ್ಳೆ ಮಾಡುತ್ತದೆ. ಆಗ ಸ್ಟಾರ್ವೇಶನ್ ನೀವೇ ಕೊಂಡುತಂದ ಹಾಗಾಯಿತು.

ಎರಡೂ ಪಂಪಿಗೆ ಬೇರೆ ಬೇರೆ ರಿಲೇ, ಬೇರೆ ಬೇರೆ ಫ್ಯೂಸ್. ಎರಡನ್ನೂ ಇಂಜಿನ್ ನಡೆಸುವ ಕಂಪ್ಯೂಟರಾದ ಇಸಿಯು ಹಿಡಿತದಲ್ಲೇ ಇಡಿ. ಅಪಘಾತವಾಗಿ ಇಂಜಿನ್ ನಿಂತಾಗ ಪಂಪುಗಳೂ ನಿಲ್ಲಬೇಕು. ಸ್ವಿಚ್ ಹಾಕಿ ನೇರವಾಗಿ ಕರೆಂಟ್ ಕೊಟ್ಟ ಪಂಪು ಒಡೆದ ಪೈಪ್‌ನಿಂದ ಪೆಟ್ರೋಲ್ ಸುರಿಸುತ್ತಲೇ ಇರುತ್ತದೆ.

ಡಬ್ಬಿಯನ್ನು ಕೂರುವ ಜಾಗದಲ್ಲಿ ತೆರೆದು ಇಡಬೇಡಿ. ಡಿಕ್ಕಿಯಲ್ಲಿ ಇಡುವುದಾದರೆ ಸೋರದ ಲೋಹದ ಪೆಟ್ಟಿಗೆಯೊಳಗೆ, ಸೀಟಿನ ಕಡೆಗೆ ಲೋಹದ ಅಡ್ಡಗೋಡೆ ಕೊಟ್ಟು ಇಡಿ. ಸೈಲೆನ್ಸರ್ ಪೈಪ್‌ನಿಂದ ದೂರ. ಹಿಂದಿನಿಂದ ಗುದ್ದಿದರೆ ಮೊದಲು ಜಜ್ಜುವ ಜಾಗವೂ ಬೇಡ. ಸ್ಪರ್ಧೆಗೆ ಹೋಗುವವರು ಅಲ್ಲಿನ ನಿಯಮ ಪುಸ್ತಕ, ರಸ್ತೆಗೂ ಬಳಸುವವರು ರಸ್ತೆ ನಿಯಮ ಮತ್ತು ವಿಮೆಯ ಷರತ್ತು ಮೊದಲೇ ಓದಿಕೊಳ್ಳಿ.

ಇಂಜಿನ್‌ನಿಂದ ರಿಟರ್ನ್ ಪೈಪ್ ಇಲ್ಲದ ಕಾರುಗಳಲ್ಲಿ ಒತ್ತಡವನ್ನು ಹದದಲ್ಲಿಡುವ ರೆಗ್ಯುಲೇಟರ್ ಟ್ಯಾಂಕ್ ಒಳಗೇ ಇರುತ್ತದೆ. ಒತ್ತಡದ ಪಂಪು ಈಗ ಹೊರಗೆ ಬಂದದ್ದರಿಂದ ಹೊಸ ರೆಗ್ಯುಲೇಟರ್ ಬೇಕು, ಅದರ ರಿಟರ್ನ್ ಡಬ್ಬಿಗೆ.

ಎರಡು ಹೊಟ್ಟೆಯ ಟ್ಯಾಂಕ್ ಇದ್ದರೆ

ಹಿಂದಿನ ಚಕ್ರಕ್ಕೆ ಶಾಫ್ಟ್ ಹೋಗುವ ಅನೇಕ ಕಾರುಗಳಲ್ಲಿ ಟ್ಯಾಂಕ್ ಕುದುರೆಯ ಜೀನಿನ ಹಾಗೆ ಶಾಫ್ಟ್‌ನ ಎರಡೂ ಕಡೆ ಇಳಿಬಿದ್ದಿರುತ್ತದೆ. ಪಂಪು ಒಂದು ಬದಿಯಲ್ಲಿ ಮಾತ್ರ. ಆಚೆ ಬದಿಯ ಪೆಟ್ರೋಲನ್ನು ಜೆಟ್ ಪಂಪ್ ಈಚೆಗೆ ತರುತ್ತದೆ. ಜೋರು ತಿರುವಿನಲ್ಲಿ ಪಂಪಿರುವ ಬದಿಯ ಪೆಟ್ರೋಲ್ ದಿಬ್ಬ ಹಾರಿ ಆಚೆ ಹೋದರೆ, ನೇರ ದಾರಿಗೆ ಬಂದರೂ ಅದು ತಾನಾಗಿ ವಾಪಸ್ ಬರುವುದಿಲ್ಲ. ಜೆಟ್ ಪಂಪ್ ನಿಧಾನವಾಗಿ ತರುವ ತನಕ ಕಾಯಬೇಕು. ತಿರುವು ಮುಗಿದ ಮೇಲೂ ಹತ್ತಾರು ಸೆಕೆಂಡ್ ಬಿಕ್ಕುವುದು ಇಂಥ ಕಾರುಗಳಲ್ಲೇ.

ಇಂಥ ಕಾರಿಗೆ ಸರ್ಜ್ ಟ್ಯಾಂಕ್ ಹಾಕಿ ಮೂಲ ಪಂಪನ್ನು ಲಿಫ್ಟ್ ಪಂಪ್ ಮಾಡಿದಾಗ ಒಂದು ಗುಪ್ತ ತೊಂದರೆ ಬರುತ್ತದೆ. ಜೆಟ್ ಪಂಪ್ ನಡೆಯುವುದು ಮೂಲ ಪಂಪಿನ ಒತ್ತಡದಿಂದ. ಈಗ ಆ ಪಂಪು ತೆರೆದ ಡಬ್ಬಿಗೆ ಸುರಿಯುತ್ತಿದೆ, ಒತ್ತಡವೇ ಇಲ್ಲ. ಜೆಟ್ ಸೋಲುತ್ತದೆ, ಆಚೆ ಹೊಟ್ಟೆಯ ಪೆಟ್ರೋಲ್ ಅಲ್ಲೇ ಉಳಿಯುತ್ತದೆ. ಸರ್ಜ್ ಟ್ಯಾಂಕ್ ಹಾಕಿದ ಮೇಲೆ ತೊಂದರೆ ಜಾಸ್ತಿಯಾಯಿತು ಅನ್ನುವವರ ಕಾರು ಹೆಚ್ಚಾಗಿ ಹೀಗಿರುತ್ತದೆ. ಆಚೆ ಬದಿಗೆ ಇನ್ನೊಂದು ಸಣ್ಣ ಲಿಫ್ಟ್ ಪಂಪ್ ಹಾಕುವುದು ನೇರವಾದ ದಾರಿ.

ಪೂರ್ತಿ ರೇಸ್‌ಗೇ ಮೀಸಲಾದ ಕಾರಿಗೆ ಮೂಲ ಟ್ಯಾಂಕ್ ತೆಗೆದು ಫ್ಯೂಯಲ್ ಸೆಲ್ ಹಾಕುತ್ತಾರೆ. ರಬ್ಬರ್ ಚೀಲ, ಒಳಗೆ ಫೋಮ್, ಪಂಪಿನ ಪೆಟ್ಟಿಗೆ ಎಲ್ಲ ಸೇರಿಯೇ ಬರುತ್ತದೆ. ಅಂತರರಾಷ್ಟ್ರೀಯ ಮೋಟರ್ ರೇಸ್ ಸಂಸ್ಥೆ ಎಫ್‌ಐಎ ಒಪ್ಪುವ ಎಫ್‌ಟಿ3 ಮಾದರಿಯ ಚೀಲಕ್ಕೆ ತಯಾರಾದ ದಿನದಿಂದ 5 ವರ್ಷದ ಆಯುಷ್ಯ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೊದಲು ಆ ತಾರೀಖು ನೋಡಿ.

ಕೊನೆಯ ಹೆಜ್ಜೆ: ಸರಿಯಾಯಿತಾ ಅಂತ ನೋಡುವುದು

ಇಂಜಿನ್ ಆನ್ ಮಾಡುವ ಮುಂಚೆ ಪಂಪುಗಳನ್ನು ಮಾತ್ರ ಓಡಿಸಿ ಪ್ರತಿ ಜೋಡಣೆಯನ್ನೂ ಒಣ ಬಟ್ಟೆಯಿಂದ ಒರೆಸಿ ನೋಡಿ. ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ. ಇಂಜಿನ್ ಬಿಸಿಯಾದ ಮೇಲೆ ಮೂರನೇ ಸಲ ನೋಡಿ. ಆಮೇಲೆ ಟ್ರ್ಯಾಕ್‌ಗೆ ಹೋಗಿ, ಮೊದಲು ಬಿಕ್ಕುತ್ತಿದ್ದ ಅದೇ ತಿರುವಿನಲ್ಲಿ, ಮೊದಲಿನ ಗಡಿಗಿಂತ ಸ್ವಲ್ಪ ಮೇಲಿನಿಂದ ಶುರು ಮಾಡಿ. 5 ಲೀಟರ್ ಇಳಿದಾಗಲೆಲ್ಲ ಒತ್ತಡದ ದಾಖಲೆ ತೆಗೆದು ನೋಡಿ. ಗೆರೆ ನೇರವಾಗಿದ್ದರೆ ಮುಂದೆ ಹೋಗಿ. ಸರ್ಜ್ ಟ್ಯಾಂಕ್ ಹಾಕಿದ್ದರೆ ಲಿಫ್ಟ್ ಪಂಪಿನ ಫ್ಯೂಸ್ ಸುಟ್ಟರೆ ತಿಳಿಸುವ ಒಂದು ದೀಪವನ್ನು ಡ್ಯಾಶ್‌ಬೋರ್ಡ್‌ಗೆ ಕೊಡಿ. ಅದು ಸುಟ್ಟರೂ ಇಂಜಿನ್ ಒಂದೆರಡು ನಿಮಿಷ ಚೆನ್ನಾಗಿಯೇ ಓಡುತ್ತದೆ, ಆಮೇಲೆ ಎಲ್ಲಿ ನಿಲ್ಲುತ್ತದೋ ಹೇಳಲಾಗದು.

ಹಾಗೆಯೇ ದಾಖಲೆಯಲ್ಲಿ ಇಂಜಿನ್ ಆಯಿಲ್ ಒತ್ತಡದ ಗೆರೆಯನ್ನೂ ಒಮ್ಮೆ ನೋಡಿಬಿಡಿ. ಪೆಟ್ರೋಲನ್ನು ಮೂಲೆಗೆ ತಳ್ಳುವ ಬಲವೇ ಸಂಪ್‌ನಲ್ಲಿರುವ, ಅಂದರೆ ಇಂಜಿನ್‌ನ ತಳದ ತೊಟ್ಟಿಯಲ್ಲಿರುವ ಆಯಿಲನ್ನೂ ತಳ್ಳುತ್ತದೆ. ಪೆಟ್ರೋಲ್ ತಪ್ಪಿದರೆ ಇಂಜಿನ್ ಬಿಕ್ಕಿ ಹೇಳುತ್ತದೆ. ಆಯಿಲ್ ತಪ್ಪಿದರೆ ಏನೂ ಹೇಳುವುದಿಲ್ಲ, ನೇರವಾಗಿ ಬೇರಿಂಗ್ ಹೋಗುತ್ತದೆ.